ಪಾಪುಗೆ ಭೇದಿ ಶುರುವಾದರೆ

ಚಿ. ಸೌ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗುವಿಗೆ ಲೂಸ್ ಮೋಷನ್ ಆದರೆ ನಿಲ್ಲಿಸೋಕೆ ಯಾವ ಔಷಧ ತಂದಿಟ್ಟುಕೊಳ್ಳಲಿ ಅಂತ ಕೇಳಿದ್ದೀಯ. ನಿಲ್ಲಿಸುವ ಔಷಧ ಯಾವುದನ್ನೂ ತರಬೇಡ. ದೊಡ್ಡವರ ಭೇದಿ ಕಟ್ಟುವ ಮಾತ್ರೆಯನ್ನು ಕಾಲು ತುಂಡು ಮಾಡಿ ಕೊಡುವವರಿದ್ದಾರೆ. ಅದು ಎಳೆಗರುಳಿನ ಚಲನೆಯನ್ನೇ ತಡೆದುಬಿಡುತ್ತದೆ, ಹೊಟ್ಟೆ ಉಬ್ಬರಿಸಿ ಮಗು ಮಂಕಾಗುತ್ತದೆ. ಆ್ಯಂಟಿಬಯೋಟಿಕ್ ಕೂಡ ಹೆಚ್ಚಿನ ಸಲ ದಂಡ, ಏಕೆಂದರೆ ಎಳೆಯ ಮಕ್ಕಳ ಭೇದಿ ಬಹುಪಾಲು ವೈರಸ್ಸಿನದು. ಭೇದಿ ಸಾಮಾನ್ಯವಾಗಿ ತಾನಾಗಿ ಐದರಿಂದ ಏಳು ದಿನಕ್ಕೆ ನಿಲ್ಲುತ್ತದೆ. ಮಗುವಿನ ಜೀವಕ್ಕೆ ಕುತ್ತು ತರುವುದು ಅದರ ಜೊತೆ ಸೋರಿಹೋಗುವ ನೀರು ಮತ್ತು ಉಪ್ಪು. ಅದನ್ನು ತುಂಬಿಕೊಡುವುದೇ ನಿನ್ನ ಕೆಲಸ.

ಬರೀ ನೀರು ಕುಡಿಸಿದರೆ ಸಾಲದು. ಭೇದಿಯಾದ ಕರುಳು ಅದನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಆದರೆ ಗ್ಲೂಕೋಸ್ ಮತ್ತು ಉಪ್ಪು ಜೋಡಿಯಾಗಿ ಬಂದರೆ ಒಳಗೆ ಬಿಟ್ಟುಕೊಳ್ಳುವ ದಾರಿ ಆಗಲೂ ತೆರೆದಿರುತ್ತದೆ, ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಓಆರ್‌ಎಸ್ ಅಂದರೆ ಇಷ್ಟೇ, ಉಪ್ಪು ಮತ್ತು ಗ್ಲೂಕೋಸ್ ಇರುವ ಪುಡಿಯನ್ನು ಕರಗಿಸಿದ ನೀರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಇಂಥದ್ದೇ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಂತೆ ಆಗುತ್ತಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅಲ್ಲಿ ಕುಡಿಸಿದವರು ನರ್ಸುಗಳಲ್ಲ, ನಿನ್ನಂಥ ತಾಯಂದಿರು.

ಎಡವಟ್ಟಾಗುವುದು ಕಲಸುವಾಗ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ, ಸುಮಾರು 20.5 ಗ್ರಾಂನದು, ಪೂರ್ತಿ 1 ಲೀಟರ್ ನೀರಿಗೆ. ಚಿಕ್ಕದು 200 ಮಿಲಿಗೆ. ಮೊದಲು ಪೊಟ್ಟಣದ ಮೇಲೆ ಬರೆದಿರುವುದನ್ನು ಓದು. ಅಂಗಡಿಯ ಒಂದು ಲೀಟರ್ ನೀರಿನ ಬಾಟಲಿಯೇ ಅಳತೆಗೆ ಸಾಕು. ಕೈಗೆ ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ನೀರನ್ನು ಪಾತ್ರೆಗೆ ಹುಯ್ದು, ಇಡೀ ಪುಡಿ ಒಮ್ಮೆಗೇ ಹಾಕಿ ಕರಗುವ ತನಕ ಕದಡು. ಕಲಸಿದ ಮೇಲೆ ಮತ್ತೆ ಕುದಿಸಬೇಡ, ಸಕ್ಕರೆ ಹಾಕಬೇಡ, ಹಾಲು ಬೆರೆಸಬೇಡ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಕರುಳು ಮೈಯ ನೀರನ್ನೇ ಎಳೆದು ಹೊರಹಾಕುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಕೂಡ ಬರಬಹುದು. ಇವತ್ತರ್ಧ ನಾಳೆಯರ್ಧ ಅಂತ ಪುಡಿ ಹಂಚಿದರೂ ಅಳತೆ ತಪ್ಪುತ್ತದೆ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲು.

ನಿನ್ನ ಮಗುವಿಗೆ ಒಂಬತ್ತು ತಿಂಗಳು. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ ಕೊಡು. ಬಾಟಲಿಯಲ್ಲಿ ಬೇಡ, ಚಮಚದಲ್ಲಿ ಅಥವಾ ಒಳಲೆಯಲ್ಲಿ, ಒಂದೆರಡು ನಿಮಿಷಕ್ಕೊಂದು ಚಮಚ. ಗಟಗಟನೆ ಕುಡಿಸಿದರೆ ವಾಂತಿ ಮಾಡಿಕೊಳ್ಳುತ್ತಾನೆ. ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರುಮಾಡು. ವಾಂತಿಯಾಯಿತೆಂದು ನಿಲ್ಲಿಸಬೇಡ. ಹಣ್ಣಿನ ರುಚಿಯ ಡಬ್ಬಿ ಪಾನೀಯ, ಗ್ಲೂಕೋಸ್ ಪುಡಿ, ಸೋಡಾ ಯಾವುದೂ ಓಆರ್‌ಎಸ್ ಅಲ್ಲ. ಸಿಹಿ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದೆ. ಆದರೂ ಪೊಟ್ಟಣ ಓದದೆ ಕೊಳ್ಳಬೇಡ.

ಜೊತೆಗೆ ಜಿಂಕ್ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಚಮಚದ ನೀರಿನಲ್ಲಿಟ್ಟರೆ ಕರಗುತ್ತದೆ. ಮೂರನೇ ದಿನ ಭೇದಿ ನಿಂತರೂ 14 ದಿನ ಪೂರ್ತಿ ಕೊಡು. ಮುಂದಿನ ಎರಡು ಮೂರು ತಿಂಗಳು ಭೇದಿ ಮತ್ತೆ ಬರುವ ಸಾಧ್ಯತೆಯನ್ನೂ ಅದು ಕಡಿಮೆ ಮಾಡುತ್ತದೆ. ಎಲ್ಲರೂ ನಡುವೆ ಬಿಡುವುದು ಇದನ್ನೇ.

ಹೊಟ್ಟೆಗೆ ವಿಶ್ರಾಂತಿ ಅಂತ ಉಪವಾಸ ಕೆಡವಬೇಡ. ಎದೆಹಾಲನ್ನು ಕೇಳಿದಾಗಲೆಲ್ಲ ಕೊಡು. ಮೊಸರನ್ನ, ಹೆಸರುಬೇಳೆ ಹಾಕಿ ಬೇಯಿಸಿದ ಮೆತ್ತನೆ ಅನ್ನ, ರಾಗಿ ಸರಿ, ಕಿವುಚಿದ ಬಾಳೆಹಣ್ಣು, ಎಲ್ಲ ಆಗುತ್ತದೆ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚಿಗೆ ತಿನ್ನಿಸು.

ಹಲ್ಲು ಬರುವಾಗ ಭೇದಿ ಸಹಜ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರು, ಆದರೆ ನಂಬಬೇಡ. ಆ ವಯಸ್ಸಿನಲ್ಲಿ ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಕಾರಣ ಅದು. ಫೀಡಿಂಗ್ ಬಾಟಲಿಯ ನಿಪ್ಪಲ್ಲಿನಲ್ಲಿ ಕಟ್ಟಿದ ಹಾಲಿನ ಜಿಡ್ಡು ಇನ್ನೊಂದು ಕಾರಣ. ಮಗುವಿನ ಕಕ್ಕದಲ್ಲೂ ರೋಗಾಣು ಇರುತ್ತದೆ. ಅದನ್ನು ಚರಂಡಿಗೆ ಚೆಲ್ಲದೆ ಕಕ್ಕಸಿಗೆ ಹಾಕಿ ಸೋಪಿನಲ್ಲಿ ಕೈ ತೊಳೆ. 6, 10, 14ನೇ ವಾರದ ರೋಟಾವೈರಸ್ ಹನಿ ಬಿದ್ದಿದೆಯೇ ಅಂತ ತಾಯಿ ಕಾರ್ಡ್ ನೋಡು, ಈ ತಿಂಗಳ ದಡಾರದ ಚುಚ್ಚುಮದ್ದನ್ನೂ ಮರೆಯಬೇಡ.

ಇನ್ನು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಮೇಲೆತ್ತಿ ಬಿಡು. ಚೆನ್ನಾಗಿರುವ ಮಗುವಿನದು ತಕ್ಷಣ ಸಮವಾಗುತ್ತದೆ. ಮಡಿಕೆ ನಿಧಾನವಾಗಿ ಇಳಿದರೆ, ಕಣ್ಣು ಗುಳಿಬಿದ್ದರೆ, ನೆತ್ತಿ ತಗ್ಗಿದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಕುಡಿಯಲಾರದೆ ತೂಕಡಿಸುತ್ತಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ, ಜೋರು ಜ್ವರ ಬಂದರೆ ನಾಳೆ ನೋಡೋಣ ಅನ್ನಬೇಡ. 108ಕ್ಕೆ ಫೋನ್ ಮಾಡು, ದಾರಿಯುದ್ದಕ್ಕೂ ಕುಡಿಯುವಷ್ಟನ್ನು ಚಮಚದಲ್ಲಿ ಕೊಡುತ್ತಿರು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನೂ ಹಾಕಬೇಡ.

ಆಶಾ ಕಾರ್ಯಕರ್ತೆಯ ಹತ್ತಿರ ಎರಡು ಪೊಟ್ಟಣ, ಒಂದು ಪಟ್ಟಿ ಜಿಂಕ್ ಈಗಲೇ ಕೇಳಿಟ್ಟುಕೋ, ದುಡ್ಡು ಕೊಡಬೇಕಿಲ್ಲ. ಈ ಕಾಗದ ನಿಮ್ಮತ್ತೆಯವರಿಗೂ ಓದಿ ಹೇಳು. ನೀನು ಕೆಲಸಕ್ಕೆ ಹೋದ ಹೊತ್ತಲ್ಲಿ ಪೊಟ್ಟಣ ಕಲಸುವವರು ಅವರೇ ತಾನೆ.

ಇತಿ,
ನಿನ್ನ ದೊಡ್ಡಮ್ಮ