ಆಫ್ರಿಕನ್ ಡಿಸೈನಿನಲ್ಲಿ ಖಣ ನೇಯಬೇಕಂತೆ: ಗೆಳೆಯನಿಗೊಂದು ಪತ್ರ

ದೋಸ್ತಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳನ್ನೆಲ್ಲ ಹಿಗ್ಗಿಸಿ ನೋಡಿದೆ. ಬೆಂಗಳೂರಿನ ಅಂಗಡಿಯವರು "ಆಫ್ರಿಕನ್ ಡಿಸೈನಿನಲ್ಲಿ ಖಣ ನೇಯ್ದು ಕೊಡಿ" ಅಂದಿದ್ದಾರೆ. ಇವು ಯಾವ ದೇಶದವು, ನೇಯ್ದದ್ದೋ ಅಚ್ಚು ಹಾಕಿದ್ದೋ, ನಾವು ಮಾಡಿದರೆ ಕದ್ದಂತಾಗುತ್ತದೋ ಹೇಗೆ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡವರು ಇನ್ನೂ ಇರುತ್ತಾರೆ, ಎಲ್ಲರಿಗೂ ಕಾಣುವ ಹಾಗೆ ಹಾಕು ಅಂತ ನೀನೇ ಅಂದೆಯಲ್ಲ, ಹಾಗೇ ಮಾಡಿದ್ದೇನೆ.

ಆ ಫೋಟೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಾಕ್ಸ್ ಪ್ರಿಂಟ್. ಕಡುನೀಲಿ, ಕಿತ್ತಳೆ, ದೊಡ್ಡ ದೊಡ್ಡ ಚಿತ್ರ, ನಡುನಡುವೆ ಒಡೆದ ಗಾಜಿನಂಥ ಸಣ್ಣ ಗೆರೆ. ಲಂಡನ್ನಿನಲ್ಲಿ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ ಹೋದರೆ ಅಂಗಡಿ ತುಂಬ ಇವೇ ಥಾನುಗಳು. ಇದರ ಜಾತಕ ಕೇಳಿದರೆ ನೀನು ನಗುತ್ತೀಯ. ಮೂಲದಲ್ಲಿ ಇದು ಇಂಡೊನೇಷ್ಯಾದ ಜಾವಾ ದ್ವೀಪದ ಬಾಟಿಕ್, ಅಂದರೆ ಬಟ್ಟೆಗೆ ಮೇಣ ಬಳಿದು, ಮೇಣವಿದ್ದ ಕಡೆ ಬಣ್ಣ ಹತ್ತದಂತೆ ಮಾಡಿ ಚಿತ್ರ ಮೂಡಿಸುವ ಕೆಲಸ. 19ನೇ ಶತಮಾನದಲ್ಲಿ ಡಚ್ಚರು ಅದನ್ನು ಯಂತ್ರದಲ್ಲಿ ನಕಲು ಮಾಡಿ ಜಾವಾದವರಿಗೇ ಮಾರಲು ಹೊರಟರು. ಮೇಣದ ಬದಲು ರಾಳ ಬಳಸಿದರು. ರಾಳ ಬಿರುಕುಬಿಟ್ಟ ಕಡೆಯೆಲ್ಲ ನೀಲಿ ಒಳಗೆ ಇಳಿದು ಗೆರೆ ಬಿತ್ತು. ಜಾವಾದವರು ಅದನ್ನು ಕೆಲಸದ ಹುಳುಕು ಎಂದು ಬದಿಗಿಟ್ಟರು. ಶತಮಾನದ ಕೊನೆಯ ಹೊತ್ತಿಗೆ ಅದೇ ಬಟ್ಟೆ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಬಂದರುಗಳಿಗೆ ಬಂತು. ಅಲ್ಲಿನವರಿಗೆ ಆ ಗೆರೆಯೇ ಹಿಡಿಸಿಬಿಟ್ಟಿತು. ನೆದರ್ಲೆಂಡ್ಸಿನ ಹೆಲ್ಮಂಡ್ ಊರಲ್ಲಿ 1846ರಲ್ಲಿ ಶುರುವಾದ ವ್ಲಿಸ್ಕೊ ಕಂಪನಿ ಇವತ್ತಿಗೂ ಪಶ್ಚಿಮ ಮತ್ತು ಮಧ್ಯ ಆಫ್ರಿಕಾಕ್ಕೆಂದೇ ಈ ಬಟ್ಟೆ ಮಾಡುತ್ತದೆ. ಅದಕ್ಕಿಂತ ಅಗ್ಗದ ಚೀನಾ ಮಾಲು ಬೇರೆ ಬರುತ್ತದೆ.

ಹಾಗಾದರೆ ಇದರಲ್ಲಿ ಆಫ್ರಿಕಾದ್ದೇನಿದೆ? ಬೇಕಾದಷ್ಟಿದೆ. ಕಾರ್ಖಾನೆಯಿಂದ ಬರುವಾಗ ಆ ಡಿಸೈನಿಗೆ ಇರುವುದು ಬರೀ ನಂಬರು. ಹೆಸರಿಡುವವರು ಮಾರುಕಟ್ಟೆಯ ಹೆಂಗಸರು. ತೆರೆದ ಪಂಜರ, ಹಾರಿಹೋಗುತ್ತಿರುವ ಹಕ್ಕಿ ಇರುವ ಒಂದು ಡಿಸೈನಿಗೆ ಅವರಿಟ್ಟ ಹೆಸರು "ನೀನು ಹೊರಗೆ ಹೋದರೆ ನಾನೂ ಹೋಗ್ತೀನಿ". ಗಂಡನಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಸೊಂಟಕ್ಕೆ ಸುತ್ತಿಕೊಂಡು ಎದುರಿಗೆ ಓಡಾಡಿದರೆ ಸಾಕು. ಟೋಗೊ ದೇಶದ ಲೊಮೆಯಲ್ಲಿ ಈ ವ್ಯಾಪಾರ ಹಿಡಿದ ಹೆಂಗಸರು ಎಷ್ಟು ದುಡಿದರೆಂದರೆ, ಮರ್ಸಿಡಿಸ್ ಬೆನ್ಜ್ ಕಾರಲ್ಲಿ ಓಡಾಡಿ 'ನಾನಾ ಬೆನ್ಜ್' ಎಂದೇ ಹೆಸರಾದರು. ಯಾವ ಬಣ್ಣ ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಡಚ್ಚರಿಗೆ ಹೇಳಿಕೊಡುತ್ತಿದ್ದವರು ಅವರು.

ಈ ಗೋಜಲನ್ನೇ ಕಲೆ ಮಾಡಿಕೊಂಡವರು ಯಿಂಕಾ ಶೋನಿಬಾರೆ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ನೈಜೀರಿಯಾದ ಲಾಗೋಸಿನಲ್ಲಿ ಬೆಳೆದವರು. ಕಲಾಶಾಲೆಯಲ್ಲಿ ರಷ್ಯಾದ ರಾಜಕೀಯದ ಬಗ್ಗೆ ಕೆಲಸ ಮಾಡುತ್ತಿದ್ದಾಗ ಶಿಕ್ಷಕರೊಬ್ಬರು "ನೀನ್ಯಾಕೆ ಅಪ್ಪಟ ಆಫ್ರಿಕನ್ ಕಲೆ ಮಾಡಬಾರದು" ಅಂದರಂತೆ. ಅವರು ಬ್ರಿಕ್ಸ್‌ಟನ್ನಿಗೆ ಹೋಗಿ ಈ ವ್ಯಾಕ್ಸ್ ಪ್ರಿಂಟ್ ಕೊಂಡು ತಂದು ಅದರಲ್ಲೇ ವಿಕ್ಟೋರಿಯನ್ ಕಾಲದ ದೊರೆಸಾನಿಯರ ಗೌನು ಹೊಲಿಸಿದರು. 2010ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ನನ ಹಡಗಿನ ಮಾದರಿಯನ್ನು ದೊಡ್ಡ ಬಾಟಲಿಯೊಳಗೆ ನಿಲ್ಲಿಸಿದಾಗ ಅದರ 37 ಹಾಯಿಗಳಿಗೂ ಇದೇ ನಮೂನೆ. ಈಗ ಆ ಬಾಟಲಿ ಗ್ರೀನಿಚ್‌ನ ಸಾಗರ ಮ್ಯೂಸಿಯಮ್ಮಿನ ಹೊರಗಿದೆ. ನೋಡಲು ಚೆಂದ. ಆದರೆ ಒಮ್ಮೆ ಕುಹಕ ಅರ್ಥವಾದ ಮೇಲೆ ಎರಡನೇ ಸಲ ನೋಡಲು ಅದರಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ನನ್ನ ತಕರಾರು. ನಿನ್ನಂಥ ಕೈಕೆಲಸದವನನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಇದೆ.

ನಿನ್ನ ಫೋಟೊಗಳಲ್ಲಿ ಒಂದು ಕೆಂಪು-ನೀಲಿ ಚೌಕಳಿ ಬಟ್ಟೆ ಇದೆ ನೋಡು, ಅಲ್ಲಲ್ಲಿ ಎಳೆ ಕಿತ್ತಂತೆ ತೆಳ್ಳಗಾಗಿದೆ. ಅದನ್ನು ಹರಿದದ್ದು ಎಂದು ಬದಿಗೆ ಸರಿಸಬೇಡ. ನೈಜೀರಿಯಾದಲ್ಲಿ ನೈಜರ್ ನದಿ ಕವಲೊಡೆದು ಸಮುದ್ರ ಸೇರುವ ಕಡೆ ಕಲಬಾರಿ ಎಂಬ ಜನ ಇದ್ದಾರೆ, ಬುಗುಮಾ ಅವರ ಮುಖ್ಯ ಊರು. ಅವರಿಗೆ ಬಹಳ ಬೇಕಾದ ಬಟ್ಟೆ ಯಾವುದು ಗೊತ್ತೇ? ಮದ್ರಾಸ್ ಚೌಕಳಿ! ನಮ್ಮ ಆಂಧ್ರದ ಚೀರಾಲದ ಕಡೆಯ ಕೈಮಗ್ಗದವರು ನೇಯ್ದು, 'ರಿಯಲ್ ಮದ್ರಾಸ್ ಹ್ಯಾಂಡ್‌ಕರ್ಚೀಫ್' ಎಂಬ ಹೆಸರಲ್ಲಿ ಹಡಗು ಹತ್ತಿಸುತ್ತಿದ್ದ ಮಾಲು. ಅವರು ಅದನ್ನು 'ಇಂಜಿರಿ' ಅನ್ನುತ್ತಾರೆ. ತಂದದ್ದನ್ನು ಹಾಗೇ ಉಟ್ಟುಕೊಂಡು ಸುಮ್ಮನಾಗಲಿಲ್ಲ. ಮನೆಯ ಹೆಂಗಸು ಬಟ್ಟೆ ತೊಡೆಯ ಮೇಲೆ ಹರಡಿಕೊಂಡು, ಸೂಜಿಯ ತುದಿಯಿಂದ ತಿಳಿಬಣ್ಣದ ಕೆಲವೇ ಎಳೆಗಳನ್ನು ಎತ್ತುತ್ತಾಳೆ. ಬ್ಲೇಡಿನಿಂದ ಈ ಕಡೆ ಒಂದು ಕೊಯ್ತ, ಆ ಕಡೆ ಒಂದು ಕೊಯ್ತ, ನಡುವಿನ ತುಂಡನ್ನು ಎಳೆದು ಬಿಸಾಡುತ್ತಾಳೆ. ಹಾಸಿನಲ್ಲಿ ಇಷ್ಟು, ಹೊಕ್ಕಿನಲ್ಲಿ ಇಷ್ಟು ಎಂದು ಲೆಕ್ಕ ಹಿಡಿದು ಹೀಗೇ ಹೋಗುತ್ತಾಳೆ. ಉಳಿದ ಕಡುಬಣ್ಣದ ಎಳೆಗಳೇ ಹೊಸ ಚಿತ್ತಾರ. ಒಂದು ಎಳೆ ಹೆಚ್ಚು ಕೊಯ್ದರೆ ಬಟ್ಟೆ ಜಾಳಾಗಿ ಕೈಗೆ ಬರುತ್ತದೆ. ಮುಗಿದ ಮೇಲೆ ಅದು ಬಲೆಯಂತೆ ಹಗುರ, ಬೆಳಕಿಗೆ ಹಿಡಿದರೆ ಎರಡು ಬಟ್ಟೆ ಒಂದರೊಳಗೊಂದು ಕೂತಂತೆ ಕಾಣುತ್ತದೆ. ಇದಕ್ಕೆ 'ಪೆಲೆಟೆ ಬಿಟೆ' ಎಂದು ಹೆಸರು. ದೊಡ್ಡವರು ತೀರಿಕೊಂಡಾಗ ಹೆಣ ಮಲಗಿಸುವ ಮಂಚವನ್ನು ಮನೆತನದ ಪೆಟ್ಟಿಗೆಯಲ್ಲಿಟ್ಟ ಇಂಥ ಬಟ್ಟೆಗಳಿಂದಲೇ ಸಿಂಗರಿಸುತ್ತಾರೆ. ನಮ್ಮ ದಕ್ಷಿಣದ ಮಗ್ಗದಿಂದ ಹೋದ ಬಟ್ಟೆ ಅಲ್ಲಿ ಅಜ್ಜಂದಿರ ಆಸ್ತಿ ಆಗಿದೆ. ನೇಯುವುದನ್ನು ಒಂದೂ ಎಳೆ ಸೇರಿಸದೆ, ಬರೀ ತೆಗೆದು ಮಾಡಿದ್ದಾರೆ ಎಂಬುದು ನನಗೆ ಇವತ್ತಿಗೂ ಸೋಜಿಗ.

ಅದೇ ಬುಗುಮಾದಲ್ಲಿ 1958ರಲ್ಲಿ ಹುಟ್ಟಿದ ಶಿಲ್ಪಿ ಸೊಕಾರಿ ಡಗ್ಲಸ್ ಕ್ಯಾಂಪ್ ಉಕ್ಕಿನಲ್ಲಿ ಕೆಲಸ ಮಾಡುತ್ತಾರೆ. ಅವರೂರಿನ ಮುಖವಾಡದ ಕುಣಿತ, ಸೀರೆಯಂತೆ ಬಟ್ಟೆ ಸುತ್ತಿದ ಹೆಂಗಸರು, ಎಲ್ಲವೂ ಉಕ್ಕಿನ ತಗಡು ಕೊರೆದು ವೆಲ್ಡ್ ಮಾಡಿದವು. ಎಷ್ಟೋ ಕಡೆ ತೈಲದ ಪೀಪಾಯಿಗಳನ್ನೇ ಬಳಸಿದ್ದಾರೆ, ಆ ನದಿಮುಖದ ನೆಲವನ್ನು ಹಾಳುಗೆಡವಿದ ಅದೇ ತೈಲದ್ದು. ತಗಡಿನಲ್ಲಿ ತೂತು ಬಿಟ್ಟು ಬಿಟ್ಟು ಉಡುಗೆ ಮೂಡಿಸುವ ಅವರ ರೀತಿ ಕಂಡಾಗ ನನಗೆ ಬ್ಲೇಡು ಹಿಡಿದ ಆ ಹೆಂಗಸರೇ ಕಣ್ಣಿಗೆ ಬರುತ್ತಾರೆ.

ಶಿಲ್ಪಿ ಎಲ್ ಅನಾತ್ಸುಯಿ ಬಗ್ಗೆ ನಿನಗೆ ಮೊದಲೂ ಹೇಳಿದ್ದೆ. ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಮ್ಮಿನ ಟರ್ಬೈನ್ ಹಾಲ್‌ನಲ್ಲಿ 2023ರ ಅಕ್ಟೋಬರಿನಿಂದ 2024ರ ಏಪ್ರಿಲ್ ತನಕ ಅವರ ಕೆಲಸ ತೂಗುಹಾಕಿದ್ದರು. ಕೊನೆಯಲ್ಲಿ ಕಪ್ಪು ಗೋಡೆಯಂಥ ಒಂದು ಪರದೆ, ಮಾಡಿನಿಂದ ಇಳಿದು ನೆಲದ ಮೇಲೆ ಅಲೆಯ ಹಾಗೆ ಬಿದ್ದಿತ್ತು. ಹಿಂದಕ್ಕೆ ಹೋಗಿ ನೋಡಿದರೆ ಬೆಳ್ಳಿ, ಹಳದಿ, ಕೆಂಪು ಚೂರುಗಳು. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದೆ: ಬಾಟಲಿ ಮುಚ್ಚಳ! ಹೆಂಡದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ ಮತ್ತು ಅದರ ಕೆಳಗಿನ ಪಟ್ಟಿ. ಕೆಲವನ್ನು ತಟ್ಟಿ ಚಪ್ಪಟೆ ಮಾಡಿದ್ದಾರೆ, ಕೆಲವನ್ನು ಮಡಿಸಿದ್ದಾರೆ, ಕೆಲವನ್ನು ಹೊಸೆದು ಉಂಗುರ ಮಾಡಿದ್ದಾರೆ. ಪ್ರತಿಯೊಂದಕ್ಕೂ ತೂತು, ತೂತಿನಿಂದ ತೂತಿಗೆ ತಾಮ್ರದ ತಂತಿ. ಬ್ರಾಂಡಿನ ಅಕ್ಷರ ಕೆಲವು ಕಡೆ ಇನ್ನೂ ಓದಲು ಬರುತ್ತದೆ.

ಅನಾತ್ಸುಯಿ 1944ರಲ್ಲಿ ಘಾನಾದ ಅನ್ಯಾಕೊದಲ್ಲಿ ಹುಟ್ಟಿದವರು, ಎವೆ ಜನ. ಅಪ್ಪ ಮೀನು ಹಿಡಿಯುತ್ತಿದ್ದರು, ಕೆಂಟೆ ಬಟ್ಟೆಯನ್ನೂ ನೇಯುತ್ತಿದ್ದರು. ಅಣ್ಣಂದಿರೂ ನೇಕಾರರೇ. ಇವರು ಮಾತ್ರ ಮಗ್ಗಕ್ಕೆ ಕೂರಲಿಲ್ಲ. 1975ರಲ್ಲಿ ನೈಜೀರಿಯಾದ ನ್ಸುಕ್ಕಾ ವಿಶ್ವವಿದ್ಯಾಲಯಕ್ಕೆ ಮೇಷ್ಟರಾಗಿ ಹೋದರು. 1990ರ ದಶಕದ ಕೊನೆಗೆ ಊರಾಚೆ ಪೊದೆಯ ಹತ್ತಿರ ಯಾರೋ ಎಸೆದುಹೋದ ಮುಚ್ಚಳದ ಚೀಲ ಸಿಕ್ಕಿತು. ಅಲ್ಲಿಂದ ಶುರು. ಕೆಂಟೆ ಹೇಗೆ ಆಗುತ್ತದೆ ಎಂದು ತಿಳಿದರೆ ನಿನಗೆ ಇದರ ಒಳಗುಟ್ಟು ಹೊಳೆಯುತ್ತದೆ. ಅಲ್ಲಿನ ಮಗ್ಗ ಬಹಳ ಕಿರಿದು, ಬರುವುದು ಅಂಗೈ ಅಗಲದ ಪಟ್ಟಿ. ಹಾಸನ್ನು ಮುಂದೆ ದೂರಕ್ಕೆ ಚಾಚಿ ಕಲ್ಲಿನ ಭಾರ ಕಟ್ಟಿರುತ್ತಾರೆ. ನೇಯ್ದ ಹಾಗೆ ಕಲ್ಲು ತೆವಳಿಕೊಂಡು ಹತ್ತಿರ ಬರುತ್ತದೆ. ಆಮೇಲೆ ಪಟ್ಟಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಹೊದೆಯುವ ಬಟ್ಟೆ. ಅನಾತ್ಸುಯಿಯವರ ಶೆಡ್ಡಿನಲ್ಲೂ ಹುಡುಗರು ಒಂದೊಂದು ತುಂಡು ಕಟ್ಟುತ್ತಾರೆ. ಅವರು ಅವನ್ನು ನೆಲದ ಮೇಲೆ ಹರಡಿ, ಸರಿಸಿ, ತಿರುಗಿಸಿ, ಆಮೇಲೆ ಕೂಡಿಸುತ್ತಾರೆ. ಚಿತ್ತಾರ ಕೆಂಟೆಯದಲ್ಲ, ಆದರೆ ಚೂರನ್ನು ಚೂರಿಗೆ ಸೇರಿಸಿ ದೊಡ್ಡದು ಮಾಡುವ ಬುದ್ಧಿ ಅಪ್ಪನ ಅಂಗಳದ್ದು. ಹೆಂಡಕ್ಕೂ ಅಲ್ಲಿ ಹಳೆಯ ಲೆಕ್ಕವಿದೆ. ಯುರೋಪಿನವರು ಆ ಕರಾವಳಿಗೆ ತಂದು ಮನುಷ್ಯರನ್ನು ಕೊಂಡ ಸರಕುಗಳಲ್ಲಿ ಮದ್ಯವೂ ಒಂದು. ಇನ್ನೊಂದು ಮಾತು ನನಗೆ ಬಹಳ ಹಿಡಿಸಿದ್ದು: ಇದನ್ನು ಹೀಗೇ ತೂಗುಹಾಕಬೇಕು ಎಂದು ಅವರು ಹೇಳುವುದಿಲ್ಲ. ಪ್ರತಿ ಮ್ಯೂಸಿಯಮ್ಮಿನಲ್ಲೂ ಮಡಿಕೆ ಬೇರೆ. 2015ರಲ್ಲಿ ಇಟಲಿಯ ದೊಡ್ಡ ಕಲಾಮೇಳ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟಿತು.

ಕೆಂಟೆಯನ್ನು ಕೂಡ ತೀರಾ ಮಡಿಯಲ್ಲಿ ಹುಟ್ಟಿದ್ದು ಅಂದುಕೊಳ್ಳಬೇಡ. 18ನೇ ಶತಮಾನದಲ್ಲಿ, ಇಂದಿನ ಘಾನಾದಲ್ಲಿದ್ದ ಅಸಾಂಟೆ ರಾಜ್ಯದ ದೊರೆ ಯುರೋಪಿನ ರೇಷ್ಮೆ ಬಟ್ಟೆ ತರಿಸಿ, ಎಳೆ ಎಳೆಯಾಗಿ ಬಿಚ್ಚಿಸಿ, ಆ ನೂಲಿನಿಂದ ತನ್ನ ನೇಕಾರರ ಹತ್ತಿರ ನೇಯಿಸುತ್ತಿದ್ದನೆಂದು ಆ ಕಾಲದ ಡೇನಿಷ್ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ಬೆಲೆಬಾಳುವ ರೇಷ್ಮೆಯನ್ನು ಬಿಚ್ಚುವ ಧೈರ್ಯ ನೋಡು!

ಇನ್ನು ಕಪ್ಪು ನೆಲದ ಮೇಲೆ ಬಿಳಿ ಗೆರೆಯ ಫೋಟೊ. ಅದು ಮಾಲಿ ದೇಶದ ಬೊಗೊಲನ್, ಕೆಸರಿನ ಬಟ್ಟೆ. ಅಲ್ಲ, ಫೋಟೊದಲ್ಲಿರುವುದು ಅದರ ಪ್ರಿಂಟು. ನಿಜವಾದದ್ದರಲ್ಲಿ ಕೈಯಿಂದ ನೂತು ನೇಯ್ದ ಹತ್ತಿಯನ್ನು ಮೊದಲು ಒಂದು ಮರದ ಎಲೆಯ ಕಷಾಯದಲ್ಲಿ ಅದ್ದುತ್ತಾರೆ, ಹಳದಿಯಾಗುತ್ತದೆ. ಎಲೆಯಲ್ಲಿ ಟ್ಯಾನಿನ್ ಇದೆ. ಕೆರೆತಳದ ಕೆಸರನ್ನು ಮಡಕೆಯಲ್ಲಿ ತಿಂಗಳುಗಟ್ಟಲೆ ಹುದುಗಿಸಿಟ್ಟಿರುತ್ತಾರೆ, ಅದರಲ್ಲಿ ಕಬ್ಬಿಣದ ಅಂಶ. ಎರಡೂ ಸೇರಿದ ಕಡೆ ಕಪ್ಪು ಕಚ್ಚುತ್ತದೆ. ಚಿತ್ರವನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಕೆಸರು ಬಳಿಯುವುದು ಅಲ್ಲಿನ ಹೆಂಗಸರ ರೀತಿ. ಒಣಗಿಸು, ತೊಳೆ, ಮತ್ತೆ ಬಳಿ. ಕೊನೆಗೆ ಉಳಿದ ಹಳದಿಯನ್ನು ಕ್ಷಾರದ ಸಾಬೂನಿನಿಂದ ತೆಗೆದರೆ ಬಿಳಿ ಗೆರೆ ಏಳುತ್ತದೆ. 1978ರಲ್ಲಿ ಮಾಲಿಯ ರಾಜಧಾನಿ ಬಮಾಕೊದಲ್ಲಿ ಕೆಲವು ಕಲಾವಿದರು ಸೇರಿ 'ಬೊಗೊಲನ್ ಕಸೊಬಾನೆ' ಎಂಬ ಗುಂಪು ಕಟ್ಟಿ, ಅಂಗಡಿಯ ಬಣ್ಣ ಬಿಟ್ಟು ಇದೇ ಎಲೆ-ಕೆಸರಿನಲ್ಲಿ ಚಿತ್ರ ಬರೆಯತೊಡಗಿದರು. ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ ಮಾಲಿಯ ವಸ್ತ್ರವಿನ್ಯಾಸಕ ಕ್ರಿಸ್ ಸೇದು ಬೊಗೊಲನ್ನಿನಲ್ಲಿ ಕೋಟು, ಸ್ಕರ್ಟು ಮಾಡಿದರು. ಆದರೆ ಒಬ್ಬ ಹೆಂಗಸು ಅರ್ಥವಿಟ್ಟು ಬರೆದ ಇಡೀ ಬಟ್ಟೆಗೆ ಕತ್ತರಿ ಹಾಕಲು ಅವರಿಗೇ ಕೈ ಬರುತ್ತಿರಲಿಲ್ಲವಂತೆ. ಆಮೇಲೆ ಕತ್ತರಿಸಲೆಂದೇ ಸರಳ ನಮೂನೆಗಳನ್ನು ತಾವೇ ಹೊಂದಿಸಿಕೊಂಡರು. ಒಬ್ಬ ದರ್ಜಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಇರಬೇಕೆಂದು ನಾನು ಕೇಳುವುದಿಲ್ಲ.

'ಕದ್ದಂತಾಗುತ್ತದೋ' ಅಂದೆಯಲ್ಲ. ದಕ್ಷಿಣ ಆಫ್ರಿಕಾದ ಲಡುಮಾ ಎನ್‌ಕ್ಸೊಕೊಲೊ ಎಂಬ ಹುಡುಗ, ಖೋಸಾ ಜನದವನು. ಅವರಲ್ಲಿ ಗಂಡುಮಕ್ಕಳು ಪ್ರಾಯಕ್ಕೆ ಬರುವ ದೀಕ್ಷೆ ಮುಗಿಸಿ ಬಂದಮೇಲೆ ಹಳೆಯ ಬಟ್ಟೆ ಬಿಟ್ಟು ಕೆಲವು ತಿಂಗಳು ಹೊಸ, ಗಂಭೀರ ಉಡುಪಿನಲ್ಲೇ ಇರಬೇಕು. ಎಲ್ಲರೂ ಕೊಳ್ಳುತ್ತಿದ್ದದ್ದು ಪರದೇಶಿ ಬ್ರಾಂಡಿನ, ಸ್ಕಾಟ್ಲೆಂಡಿನ ಡೈಮಂಡ್ ನಮೂನೆಯ ಸ್ವೆಟರು. ಅಮ್ಮನಿಂದ ಹೆಣಿಗೆ ಯಂತ್ರ ಕಲಿತಿದ್ದ ಈತ ಖೋಸಾ ಮಣಿಕೆಲಸದ ನಮೂನೆಗಳನ್ನು ಸ್ವೆಟರಿಗೆ ತಂದ. ಜಗತ್ತಿನ ಮೊಹೇರ್ ಎಂಬ ಆಡಿನ ಉಣ್ಣೆಯ ಸುಮಾರು ಅರ್ಧ ಅವರ ದೇಶದಲ್ಲೇ ಆಗುತ್ತದೆ, ಉಣ್ಣೆಗೂ ಪರದಾಟವಿಲ್ಲ. ಅವರ ಬ್ರಾಂಡ್ 'ಮಖೋಸಾ' ಇವತ್ತು ದೊಡ್ಡ ಹೆಸರು. 2018ರಲ್ಲಿ ಸ್ಪೇನಿನ ಬಟ್ಟೆ ಕಂಪನಿ ಜಾರಾದ ಕಾಲುಚೀಲದ ಮೇಲೆ ತಮ್ಮ ನಮೂನೆ ಕಂಡು ಅವರು ಜಗಳಕ್ಕೆ ನಿಂತರು, ಜಾರಾ ಆ ಕಾಲುಚೀಲ ಹಿಂದಕ್ಕೆ ತೆಗೆದುಕೊಂಡಿತು. ಖಣದ ಚಿತ್ರವನ್ನು ಪಾಲಿಯೆಸ್ಟರಿನ ಮೇಲೆ ಅಚ್ಚು ಹೊಡೆದು 'ಗುಳೇದಗುಡ್ಡದ್ದು' ಎಂದು ಮಾರುವುದನ್ನು ಕಂಡಾಗ ನಿನ್ನ ಹೊಟ್ಟೆ ಉರಿಯುತ್ತದಲ್ಲ, ಅದೇ ಉರಿ.

ಆಫ್ರಿಕಾ ಮೂಲದವರ ಕೈ ನೋಡಬೇಕೆಂದರೆ ಅಂಗಡಿಯವರು ಫೋಟೊ ಹುಡುಕಬೇಕಾಗಿರಲಿಲ್ಲ, ಯಲ್ಲಾಪುರ, ಹಳಿಯಾಳದ ಕಡೆ ಬಸ್ಸು ಹತ್ತಿದ್ದರೆ ಸಾಕಿತ್ತು. ಅಲ್ಲಿನ ಸಿದ್ದಿ ಹೆಂಗಸರು ಹಳೆ ಸೀರೆ, ಲಂಗದ ಚೂರುಗಳಿಂದ ಕವದಿ ಹೊಲಿಯುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ, ಅಂಚು ಹಿಡಿದು ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ 'ಫುಲ' ಬೇಕೇ ಬೇಕು, ಇಲ್ಲದಿದ್ದರೆ ಕವದಿ ಬತ್ತಲೆ. ನಿಮ್ಮ ಕಡೆಯ ಕೌದಿಗೂ ಅದಕ್ಕೂ ನಂಟಿರುವುದು ಎದ್ದು ಕಾಣುತ್ತದೆ. ಆ ಬಣ್ಣ ಹೊಂದಿಸುವ ಧಾಟಿ ಮಾತ್ರ ಅವರದೇ.

ಈಗ ನಿನ್ನ ಆರ್ಡರಿಗೆ ಬರುತ್ತೇನೆ. ಬಿಡು ಅಂತ ಹೇಳುವುದಿಲ್ಲ, ಮಗ್ಗ ಸುಮ್ಮನೆ ನಿಂತರೆ ಏನಾಗುತ್ತದೆ ನನಗೆ ಗೊತ್ತು. ಕೆಂಟೆ ಮತ್ತು ಮಣಿಕೆಲಸದ ಆ ಫೋಟೊಗಳನ್ನು ಮುಟ್ಟಬೇಡ, ಅವುಗಳಿಂದ ಹೊಟ್ಟೆ ಹೊರೆಯುವವರು ಅಲ್ಲಿ ಇದ್ದಾರೆ. ಬೊಗೊಲನ್ ಅಂತೂ ಖಣದ ಮಗ್ಗದಲ್ಲಿ ಬರುವುದೂ ಇಲ್ಲ, ಬಂದರೂ ಸತ್ತ ಗೆರೆ. ಚೌಕಳಿಯದನ್ನು ಮಾತ್ರ ಯೋಚನೆ ಮಾಡು. ಖಣದಲ್ಲಿ ಚಿತ್ತಾರಕ್ಕೆಂದು ಹೆಚ್ಚುವರಿ ಹಾಸು ಹಾಕುತ್ತೀಯಲ್ಲ, ಅದನ್ನು ನೆಲದ ಬಣ್ಣಕ್ಕೇ ತಂದು, ಕೆಲವು ಕಡೆ ಎಳೆ ಬಿಟ್ಟು, ಬಟ್ಟೆಯೊಳಗೆ ಬೆಳಕು ಬರುವ ಹಾಗೆ ಒಂದು ಮೊಳ ನೇಯ್ದು ನೋಡು. ನಿಮ್ಮ ಕಳಸ, ತೇರು, ಆನೆ ಹೆಜ್ಜೆ ಎಲ್ಲ ಹಾಗೇ ಇರಲಿ. ಎಲ್ಲಿಂದ ಹೊಳೆಯಿತು ಎಂದು ಚೀಟಿಯ ಮೇಲೆ ಕಲಬಾರಿಯ ಹೆಸರು ಬರೆಸು. 'ಆಫ್ರಿಕನ್ ಖಣ' ಎಂಬ ಹೆಸರಿಡಲು ಅಂಗಡಿಯವರು ಹಟ ಹಿಡಿದರೆ ಬೇಡ ಎನ್ನು, ಐವತ್ತಕ್ಕೂ ಹೆಚ್ಚು ದೇಶಗಳ ನೆಲಕ್ಕೆ ಒಂದು ಚೀಟಿ ಸಾಲದು.

ಅಂದಹಾಗೆ ಮುಂಗಡ ಎಷ್ಟು ಕೊಟ್ಟರು ಎಂದು ನೀನು ಬರೆಯಲೇ ಇಲ್ಲ. ಅರ್ಧಕ್ಕಿಂತ ಕಡಿಮೆ ಇದ್ದರೆ ಹಾಸು ಹೂಡಬೇಡ. ಮಾದರಿ ತುಂಡು ಆದ ದಿನ ಬೆಳಕಿಗೆ ಎದುರು ಹಿಡಿದು ಫೋಟೊ ತೆಗಿ, ಟ್ಯೂಬ್‌ಲೈಟಿನ ಕೆಳಗೆ ಬೇಡ, ಬಣ್ಣ ಗೊತ್ತಾಗುವುದಿಲ್ಲ. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ,
ಲಂಡನ್ನಿನ ದೋಸ್ತ