ಮೇಳದ ಗೇಟಿನ ಹೊರಗೆ ಆರಿದ ಒಲೆ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಂಕ್ರಾಂತಿಯ ಮಾರನೆಯ ಸಂಜೆ ನಾನು ನನ್ನ ಬಾಲ್ಯದ ಗೆಳತಿಯ ಕೈ ಹಿಡಿದುಕೊಂಡು ನಮ್ಮೂರಿನ ಆಹಾರ ಮೇಳಕ್ಕೆ ಹೋಗಿದ್ದೆ. ಕೈ ಹಿಡಿದುಕೊಂಡು ಎಂದದ್ದು ಸುಮ್ಮನೆ ಅಲ್ಲ. ಅವಳಿಗೆ ಮೊಣಕಾಲು ನೋವು, ನನಗೆ ಕತ್ತಲಾದ ಮೇಲೆ ಕಣ್ಣು ಮಂಜು. ಮದುವೆಯಾಗಿ ಪುಣೆಗೆ ಹೋದವಳು ಈ ಸಲ ಸಿದ್ಧೇಶ್ವರ ಜಾತ್ರೆ ನೋಡಲೇಬೇಕೆಂದು ಹಟ ಹಿಡಿದು ಬಂದಿದ್ದಳು. ನಾನು ಇದೇ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆ ಸಂಜೆ ನಮಗೆ ಎಷ್ಟು ಸಂತೋಷ ಕೊಟ್ಟಿತು, ಹೇಗೆ ಮುಗಿಯಿತು ಎಂಬುದನ್ನು ನಿಮಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಇಂಥ ಮೇಳಗಳಿಗೆ ಜಾಗ, ಅನುಮತಿ ಸಿಗುವುದು ಆಡಳಿತದ ಕೈಯಿಂದ. ಮುಂದಿನ ವರ್ಷವಾದರೂ ನಮ್ಮ ಜೋಳದ ರೊಟ್ಟಿಗೆ ಮೇಳದ ಒಳಗೆ ಜಾಗ ಸಿಗುವಂಥ ಒಂದು ಸಣ್ಣ ಬದಲಾವಣೆ ನಿಮ್ಮಿಂದ ಆಗಬಹುದು ಎಂಬ ನಂಬಿಕೆ ನನಗಿದೆ.

ಮೊದಲು ಸಂತೋಷವನ್ನೇ ಹೇಳುತ್ತೇನೆ. ಜಾತ್ರೆಯ ದಿನಗಳಲ್ಲಿ ನಮ್ಮ ಊರಿಗೆ ಬೇರೆಯೇ ಕಳೆ. ನಂದಿಧ್ವಜಗಳು ಹಾದುಹೋದ ಬೀದಿಯಲ್ಲಿ ಜಾತ್ರೆಯ ಸಡಗರ ಇನ್ನೂ ಹಾಗೇ ಇರುತ್ತದೆ. ಎದುರಾದವರೆಲ್ಲ ಕುಸುರೆಳ್ಳು ಕೈಗಿಟ್ಟು ಮಾತನಾಡಿಸುತ್ತಾರೆ. ಹಿಂದಿನ ದಿನ ಮನೆಯಲ್ಲಿ ಮಾದಲಿ, ಶೇಂಗಾ ಹೋಳಿಗೆ ಆಗಿದ್ದವು. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ. ಇಷ್ಟೆಲ್ಲ ತಿಂದ ಮೇಲೂ ಮೇಳಕ್ಕೆ ಹೋಗುವ ಉಮೇದು ಇಬ್ಬರಿಗೂ ಇತ್ತು. ಮೈದಾನಕ್ಕೆ ಕಾಲಿಟ್ಟೊಡನೆ ದೀಪದ ಮಾಲೆಗಳು, ತಂದೆಯ ಹೆಗಲೇರಿದ ಮಕ್ಕಳು, ಎಣ್ಣೆಯ ಬಾಣಲೆಯಿಂದ ಏಳುವ ಹೊಗೆ, ದೂರದ ವೇದಿಕೆಯಿಂದ ಡೊಳ್ಳಿನ ಸದ್ದು. ನನ್ನ ಗೆಳತಿ ಹತ್ತು ವರ್ಷದ ಹುಡುಗಿಯಂತೆ ಅತ್ತಿತ್ತ ನೋಡುತ್ತಿದ್ದಳು. ಬೆಳಗಾವಿಯ ಕುಂದಾ ಕೊಂಡೆವು. ಅಮೀನಗಡದ ಕರದಂಟು ಕೊಂಡೆವು. ಒಂದು ಮಿರ್ಚಿ ಭಜಿಯನ್ನು ಇಬ್ಬರೂ ಹಂಚಿಕೊಂಡು ಖಾರಕ್ಕೆ ಕಣ್ಣೀರು ಸುರಿಸುತ್ತ ನಕ್ಕೆವು. ಅಷ್ಟು ಮನಸಾರೆ ನಕ್ಕು ನನಗೆ ಬಹಳ ದಿನಗಳಾಗಿದ್ದವು.

ಆಮೇಲೆ ಅವಳು ಕೇಳಿದಳು: "ಬಿಸಿ ರೊಟ್ಟಿ ಎಲ್ಲಿದೆ?"

ಎರಡು ಸುತ್ತು ಹಾಕಿದೆವು. ಗೋಬಿ ಮಂಚೂರಿ ಎಲ್ಲ ಸಾಲಿನಲ್ಲೂ ಇತ್ತು. ಮೊಮೊ, ಪಿಜ್ಜಾ, ನೂಡಲ್ಸ್, ದಾವಣಗೆರೆ ಬೆಣ್ಣೆ ದೋಸೆ, ಹೈದರಾಬಾದಿನ ಬಿರಿಯಾನಿ ಇದ್ದವು. ಅವು ಇರಲಿ, ಮಕ್ಕಳಿಗೆ ಇಷ್ಟ, ನನಗೂ ದೋಸೆ ಇಷ್ಟ. ರೊಟ್ಟಿ ಸಿಕ್ಕಿದ್ದು ಒಂದೇ ಕಡೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಣ ಕಟಕ ರೊಟ್ಟಿ. ಅದೂ ಒಳ್ಳೆಯ ರೊಟ್ಟಿಯೇ. ಆದರೆ ಹಂಚಿನಿಂದ ಇಳಿದು ಕೈ ಸುಡುವ ರೊಟ್ಟಿಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಗುರೆಳ್ಳು ಹಿಂಡಿ, ಪುಂಡಿ ಪಲ್ಯ, ಒಂದಿಷ್ಟು ಹಸಿ ಹಕ್ಕರಕಿ ಸೊಪ್ಪು ಇಟ್ಟುಕೊಂಡು ತಿನ್ನುವುದಕ್ಕೆಂದು ಪುಣೆಯಿಂದ ಬಂದವಳಿಗೆ ಅದು ಸಾಲಲಿಲ್ಲ. "ಬಿಜಾಪುರಕ್ಕೆ ಬಂದು ರೊಟ್ಟಿ ಸಿಗಲಿಲ್ಲ ಎಂದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ" ಎಂದಳು. ಊರಿನ ಹೆಸರು ವಿಜಯಪುರ ಎಂದು ಬದಲಾದದ್ದು 2014ರಲ್ಲಿ, ಅವಳ ಬಾಯಲ್ಲಿ ಇನ್ನೂ ಬಿಜಾಪುರವೇ.

ಮಾನ್ಯರೇ, "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂಬ ಮಾತನ್ನು ಈ ಜಿಲ್ಲೆಗೆ ಬಂದ ಮೇಲೆ ನೀವು ಕೇಳಿರುತ್ತೀರಿ. ಡೋಣಿ ನದಿಯ ಆಸುಪಾಸಿನ ಕರಿ ಎರೆ ಭೂಮಿ ಮಳೆಗಾಲದ ತೇವವನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ ಆ ತೇವದ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ತೆನೆಯಲ್ಲಿ ಕಾಳು ಇನ್ನೂ ಹಸಿಯಾಗಿ, ಹಾಲು ಗಟ್ಟಿಯಾಗುತ್ತಿರುತ್ತದೆ. ಅದನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಕಾಳು ಬಿಡಿಸಿ ತಿಂದರೆ ಅದೇ ಸೀತನಿ. ನಾನೂ ಅವಳೂ ಶಾಲೆ ತಪ್ಪಿಸಿ ಅವರಪ್ಪನ ಹೊಲದಲ್ಲಿ ಸೀತನಿ ತಿಂದು, ಮಸಿಯಾದ ಮೂತಿಗಳಿಂದಲೇ ಸಿಕ್ಕಿಬಿದ್ದಿದ್ದೆವು. ವರ್ಷದಲ್ಲಿ ಕೆಲವೇ ವಾರ ಸಿಗುವ ಆ ತಿನಿಸಿನ ಕಾಲ ಸರಿಯಾಗಿ ಈ ಮೇಳದ ಕಾಲವೇ ಆಗಿತ್ತು. ಅಷ್ಟು ದೊಡ್ಡ ಮೈದಾನದಲ್ಲಿ ಒಂದು ತೆನೆಯೂ ಇರಲಿಲ್ಲ.

ಹೊರಡೋಣ ಎಂದು ಗೇಟಿನ ಹತ್ತಿರ ಬಂದಾಗ ಆ ಸಪ್ಪಳ ಕೇಳಿಸಿತು. ಪಟ್, ಪಟ್, ಪಟ್. ಇಬ್ಬರೂ ಒಮ್ಮೆಲೇ ನಿಂತೆವು. ಗೇಟಿನಿಂದ ನಾಲ್ಕು ಹೆಜ್ಜೆ ಆಚೆ, ಗೋಡೆಯ ಪಕ್ಕದಲ್ಲಿ, ಮೂರು ಇಟ್ಟಿಗೆಯ ಒಲೆ ಹೂಡಿಕೊಂಡು ಒಬ್ಬ ತಾಯಿ ರೊಟ್ಟಿ ಬಡಿಯುತ್ತಿದ್ದಳು.

ರೊಟ್ಟಿ ಬಡಿಯುವುದನ್ನು ಸುಲಭ ಎಂದುಕೊಂಡವರು ಬಡಿದು ನೋಡಬೇಕು. ಗೋಧಿಗಿರುವ ಜಿಗುಟು ಜೋಳದ ಹಿಟ್ಟಿಗೆ ಹುಟ್ಟಿನಿಂದ ಇಲ್ಲ. ಕುದಿಯುವ ಎಸರು ಹಾಕಿ ನಾದಿ ನಾದಿ ಅದಕ್ಕೆ ಜಿಗುಟು ತರಿಸಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಬಡಿಯುವಾಗ ಕೈಯ ಭಾರ ನಡುವಿನಿಂದ ಅಂಚಿಗೆ ಹೋಗಬೇಕು, ರೊಟ್ಟಿ ತಾನೇ ತಿರುಗುತ್ತಿರಬೇಕು. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುವ ಮೊದಲೇ ತಿರುವಿದರೂ ಕೆಡುತ್ತದೆ, ತಡವಾದರೂ ಕೆಡುತ್ತದೆ. ಕಡೆಗೆ ಕೆಂಡದ ಮಗ್ಗುಲಿಗೆ ಒರಗಿಸಿದಾಗ ಅದು ಉಬ್ಬುತ್ತದಲ್ಲ, ಆ ಗಳಿಗೆಯನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ, ಇವತ್ತಿಗೂ ನೋಡುತ್ತ ನಿಲ್ಲುತ್ತೇನೆ.

ಅವಳು ಒಂದು ರೊಟ್ಟಿಗೆ ಹತ್ತು ರೂಪಾಯಿ ಹೇಳಿದಳು. ಒಳಗೇಕೆ ಅಂಗಡಿ ಹಾಕಲಿಲ್ಲ ಎಂದು ಕೇಳಿದೆ. ಒಳಗಿನ ಬಾಡಿಗೆ ಹುಟ್ಟಬೇಕಾದರೆ ಮೂರು ಸಂಜೆಗಳಲ್ಲಿ ಸಾವಿರ ರೊಟ್ಟಿ ಮಾರಬೇಕು ಎಂದಳು. ಎರಡೇ ಕೈ, ಒಂದೇ ಹಂಚು. ಲೆಕ್ಕವನ್ನು ಅವಳು ನನಗಿಂತ ಚೆನ್ನಾಗಿ ಮಾಡಿದ್ದಳು. ನಮ್ಮಿಬ್ಬರ ರೊಟ್ಟಿ ಹಂಚಿನ ಮೇಲಿದ್ದಾಗ ಮೇಳದ ಕಾವಲಿನವರು ಬಂದರು. ಗೇಟಿಗೆ ಅಡ್ಡವಾಗುತ್ತದೆ, ಬೆಂಕಿ ಹಚ್ಚುವಂತಿಲ್ಲ, ಏಳು ಎಂದರು. ಇನ್ನೆರಡು ನಿಮಿಷ ಎಂದು ನಾನು ಕೈ ಮುಗಿದೆ. ಅವರೂ ಹೇಳಿದ ಕೆಲಸ ಮಾಡುವವರು, ಅವರ ಮೇಲೆ ನನಗೆ ಕೋಪವಿಲ್ಲ. ಅವಳು ಏನೂ ಮಾತನಾಡಲಿಲ್ಲ. ಹಿಟ್ಟಿಗೆಂದು ಇಟ್ಟಿದ್ದ ಎಸರನ್ನೇ ಒಲೆಗೆ ಸುರಿದಳು. ಬುಸ್ ಎಂದು ಬೂದಿ ಎದ್ದಿತು. ಅರೆಬೆಂದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಗೆಳತಿಯ ಕೈಗಿಟ್ಟು, ಹಣ ಬೇಡವೆಂದಳು. ನಾವು ಬಲವಂತದಿಂದ ಕೊಟ್ಟೆವು. ಆಟೋದಲ್ಲಿ ಮನೆ ಮುಟ್ಟುವವರೆಗೂ ನನ್ನ ಗೆಳತಿ ಆ ಗಂಟನ್ನು ಮಡಿಲಲ್ಲಿ ಹಿಡಿದುಕೊಂಡೇ ಇದ್ದಳು.

ಬಾಡಿಗೆ ಕೊಟ್ಟವರಿಗೆ ಜಾಗ ಎಂಬುದು ವ್ಯಾಪಾರದ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಸಾರ್ವಜನಿಕ ಮೈದಾನದಲ್ಲಿ, ಊರಿನ ದೊಡ್ಡ ಜಾತ್ರೆಯ ದಿನಗಳಲ್ಲಿ, ಆಹಾರದ ಹೆಸರಿನಲ್ಲೇ ನಡೆಯುವ ಮೇಳದಲ್ಲಿ ಆ ನೆಲದ ಅನ್ನ ಬಾಗಿಲಾಚೆ ಕೂರಬಾರದು. ನನ್ನ ಬೇಡಿಕೆ ಇಷ್ಟೇ: ಇಂಥ ಮೇಳಕ್ಕೆ ಅನುಮತಿ ಕೊಡುವಾಗ ಒಂದು ಸಾಲನ್ನು ರೊಟ್ಟಿ ಬಡಿಯುವ, ಸೀತನಿ ಸುಡುವ, ಹಿಂಡಿ, ಹೋಳಿಗೆ ಮಾಡುವ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಬಾಡಿಗೆಯಿಲ್ಲದೆ ಬಿಡಬೇಕು ಎಂಬ ಷರತ್ತು ಹಾಕಿ. ಬೆಂಕಿಯ ಭಯ ನಿಜವಾದದ್ದು, ಅದಕ್ಕೆ ಆ ಸಾಲು ಜನಸಂದಣಿಯಿಂದ ದೂರ ಬಯಲಿನಲ್ಲಿರಲಿ, ಮರಳಿನ ಬಕೆಟ್ಟುಗಳು, ನೀರಿನ ನಲ್ಲಿ ಹತ್ತಿರವಿರಲಿ. ಆಹಾರ ಸುರಕ್ಷತೆಯ ನೋಂದಣಿಗೆ ಅರ್ಜಿ ತುಂಬಿಕೊಡುವ ಒಬ್ಬ ಸಿಬ್ಬಂದಿಯನ್ನು ಮೇಳಕ್ಕೆ ತಿಂಗಳು ಮೊದಲೇ ಹಳ್ಳಿಗಳಿಗೆ ಕಳಿಸಿ. ಪ್ಲಾಸ್ಟಿಕ್ ತಟ್ಟೆಗಳು 2022ರ ಜುಲೈ 1ರಿಂದಲೇ ನಿಷೇಧದಲ್ಲಿವೆ, ಆದರೂ ಮೈದಾನದ ತುಂಬ ಅವೇ ಬಿದ್ದಿದ್ದವು. ಬಿಸಿ ರೊಟ್ಟಿಗೆ ತಟ್ಟೆಯೇ ಬೇಡ, ಪಲ್ಯವನ್ನು ಅದರ ಮೇಲೆಯೇ ಹಾಕಿ ಕೊಡುತ್ತಾರೆ. ಮತ್ತೆ, ನಮ್ಮಂಥವರು ಕೂತು ತಿನ್ನಲು ನಾಲ್ಕು ಬೆಂಚು ಹಾಕಿಸಿ. ಅಷ್ಟು ದೊಡ್ಡ ಮೇಳದಲ್ಲಿ ನನ್ನ ಗೆಳತಿ ಕೂರಲು ಜಾಗ ಸಿಗದೆ ಜನರೇಟರಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು.

ಇದು ಎಲ್ಲೂ ಆಗದ ಕೆಲಸವಲ್ಲ. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ನಮ್ಮಲ್ಲಿ ಕೊರತೆ ಏನಿದೆ? ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹಿಂಗಾರಿ ಜೋಳದ ಮೇಲೆ ಇಷ್ಟು ವರ್ಷ ಕೆಲಸ ನಡೆದಿದೆ, ಬಿಜೆವಿ-44 ಎಂಬ ತಳಿ ಇಲ್ಲಿಂದಲೇ ಹೊರಬಂದಿದೆ. ನಮ್ಮ ಇಂಡಿ ತಾಲ್ಲೂಕಿನ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಉಪ್ಪಿನಕಾಯಿ ಆ ಸಾಲಿನಲ್ಲಿ ರೊಟ್ಟಿಯ ಪಕ್ಕ ಕೂರಬಹುದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಾವು ಶಾಲೆಗಳಲ್ಲಿ ಮಕ್ಕಳಿಂದ ಜೋಳದ ಚಿತ್ರ ಬರೆಸಿದ್ದೆವು. ಆ ಮಕ್ಕಳು ಮೇಳಕ್ಕೆ ಬಂದಿದ್ದರು. ಅವರಿಗೆ ಜೋಳ ಎಲ್ಲಿ ಕಾಣಿಸಿತು?

ಇನ್ನೊಂದು ಮಾತು. ಕೇಂದ್ರ ಸರ್ಕಾರ 2025-26ಕ್ಕೆ ಮಾಲದಂಡಿ ಎಂಬ ತಳಿಯ ಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಕಿಲೋಗೆ ಮೂವತ್ತೇಳೂವರೆ ರೂಪಾಯಿ ಎಂದಾಯಿತು. ಬೇರುಸಹಿತ ಜೋಳ ಕೀಳುವ ಕೂಲಿಗೆ ಆಳು ಸಿಗುವುದಿಲ್ಲವೆಂದು ನನ್ನ ಗೆಳತಿಯ ತಮ್ಮ ನಾವು ಸೀತನಿ ತಿಂದ ಆ ಹೊಲಕ್ಕೆ ಕಬ್ಬು ಹಾಕಿದ್ದಾನೆ. ನಾನು ಅವನನ್ನು ತಪ್ಪು ಎನ್ನಲಾರೆ. ಆದರೆ ಅದೇ ಒಂದು ಕಿಲೋ ಹಿಟ್ಟು ಆ ತಾಯಿಯ ಕೈಯಲ್ಲಿ ಹತ್ತು ಹನ್ನೆರಡು ರೊಟ್ಟಿಯಾದರೆ ನೂರು ರೂಪಾಯಿ ಮುಟ್ಟುತ್ತದೆ. ಆ ನೂರು ರೂಪಾಯಿ ಗೇಟಿನ ಒಳಗೆ ಹುಟ್ಟುವಂತಾದರೆ ಒಂದೆರಡು ಹೊಲಗಳಲ್ಲಾದರೂ ಜೋಳ ಉಳಿಯಬಹುದು ಎಂದು ನನಗೆ ಅನ್ನಿಸುತ್ತದೆ.

ಆ ರಾತ್ರಿ ಮನೆಗೆ ಬಂದು ಅರೆಬೆಂದ ರೊಟ್ಟಿಯನ್ನು ಗ್ಯಾಸಿನ ಮೇಲೆ ಬೇಯಿಸಿಕೊಂಡು ಅರ್ಧರ್ಧ ತಿಂದೆವು. ಅಂಚು ಕರಿದಾಯಿತು, ಉಬ್ಬಲಿಲ್ಲ. ಸುತ್ತಿಕೊಟ್ಟಿದ್ದ ಬಟ್ಟೆಯನ್ನು ಒಗೆದು ಮಡಿಸಿಟ್ಟಿದ್ದೇನೆ. ಹಿಂದಿರುಗಿಸಲು ಮರುದಿನ ಸಂಜೆ ಹೋದಾಗ ಆ ತಾಯಿ ಅಲ್ಲಿರಲಿಲ್ಲ. ಮುಂದಿನ ಸಂಕ್ರಾಂತಿಗೆ ನನ್ನ ಗೆಳತಿ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದಾಳೆ. ಅಷ್ಟರೊಳಗೆ ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಶಿಕ್ಷಕಿ
ವಿಜಯಪುರ