ಸಂಡಿಗೆ ಒಣಗಿಸೋಕೆ ಟೆರೇಸ್ ಬಿಡ್ರಪ್ಪ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪುರವಣೀಲಿ ಕಾಲಕ್ಕೆ ತಕ್ಕ ಊಟ ಮಾಡಿ, ಋತುಮಾನ ನೋಡ್ಕೊಂಡು ಬದುಕಿ ಅಂತ ಒಂದು ಪುಟ ಬಂದಿತ್ತು. ಚೆನ್ನಾಗಿತ್ತು, ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸ್ದೆ. ಅವತ್ತೇ ಸಂಜೆ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಇನ್ನೊಂದು ಕಾಗದ ಅಂಟಿಸಿದ್ರು. ಟೆರೇಸ್ ಮೇಲೆ ಬಟ್ಟೆ, ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಏನೂ ಒಣಗಿಸೋ ಹಾಗಿಲ್ಲ, ಒಣಗಿಸಿದ್ರೆ 500 ರೂಪಾಯಿ ದಂಡ. ಬಿಲ್ಡಿಂಗ್ ಲುಕ್ ಹಾಳಾಗತ್ತಂತೆ. ಆರನೇ ಮಹಡಿ ಮೇಲಿರೋ ಟೆರೇಸ್ ಲುಕ್ ನೋಡೋರು ಯಾರು ಸ್ವಾಮಿ, ಹದ್ದಾ?

ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ಬೆಂಗಳೂರಲ್ಲಿ ಸಂಡಿಗೆ ಕಾಲ ಬಹಳ ಚಿಕ್ಕದು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗತ್ತಲ್ಲ, ಆಮೇಲೆ ಶುರು, ಯುಗಾದಿ ದಾಟಿ ಏಪ್ರಿಲ್ ಮುಗಿಯೋವರೆಗೆ ಅಷ್ಟೇ. ಏಪ್ರಿಲ್ ಕೊನೇಲಿ ಭರಣಿ ಮಳೆ ಹುಟ್ಟತ್ತೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ರೈತರು ಅದಕ್ಕೆ ಕಾಯ್ತಾರೆ, ನಮ್ಮಮ್ಮ ಮಾತ್ರ ಅದು ಬರೋದ್ರೊಳಗೆ ಡಬ್ಬಿ ತುಂಬಿರ್ಬೇಕು ಅಂತ ಒದ್ದಾಡ್ತಿದ್ರು. ಮೇ ತಿಂಗಳಲ್ಲಿ ಮಧ್ಯಾಹ್ನ ಉರಿ ಬಿಸಿಲು ಇದ್ರೂ ನಾಲ್ಕು ಗಂಟೆಗೆ ಗುಡುಗು, ಅರ್ಧ ಒಣಗಿದ್ದೆಲ್ಲಾ ನೆಂದು ಗಂಜಿ. ಜೂನಿಂದ ಮುಂಗಾರು, ಸೆಪ್ಟೆಂಬರ್ ಅಕ್ಟೋಬರಲ್ಲಿ ಜೋರು ಮಳೆ, ಹಿಂಗಾರು ಮುಗೀತು ಅನ್ನೋಷ್ಟರಲ್ಲಿ ಮಂಜು. ಎಣಿಸಿ ನೋಡಿ, ವರ್ಷಕ್ಕೆ ಎರಡು ತಿಂಗಳು ಸಿಕ್ಕಿದ್ರೆ ಹೆಚ್ಚು.

ನಾನು ಬೆಳೆದಿದ್ದು ಚಾಮರಾಜಪೇಟೆ ವಠಾರದಲ್ಲಿ, ಆರು ಮನೆಗೆ ಒಂದೇ ಮಹಡಿ, ಸರದಿ ಮೇಲೆ ಸಂಡಿಗೆ. ಹಿಂದಿನ ರಾತ್ರೀನೇ ಸಬ್ಬಕ್ಕಿ ನೆನೆಹಾಕಿ, ಬೆಳಗ್ಗೆ ಐದಕ್ಕೆ ಎದ್ದು ದೊಡ್ಡ ಪಾತ್ರೇಲಿ ನೀರು ಕುದಿಸಿ, ಕಾಳು ಗಾಜಿನ ಥರ ಆಗೋವರೆಗೆ ಕೈ ಬಿಡದೆ ತಿರುವ್ತಾನೇ ಇರ್ಬೇಕು, ತಳ ಹಿಡೀತೋ ಕಥೆ ಮುಗೀತು. ಜೀರಿಗೆ, ಇಂಗು, ರುಬ್ಬಿದ ಹಸಿಮೆಣಸಿನಕಾಯಿ. ಉಪ್ಪು ಮಾತ್ರ ಕೈ ಹಿಡಿದು ಹಾಕ್ಬೇಕು, ಯಾಕಂದ್ರೆ ಒಣಗಿದಾಗ ಗಂಜಿ ಕುಗ್ಗತ್ತೆ, ಉಪ್ಪು ಕುಗ್ಗಲ್ಲ. ಎಂಟು ಗಂಟೆ ಒಳಗೆ ಅಪ್ಪನ ಹಳೇ ಪಂಚೆ ಒದ್ದೆ ಮಾಡಿ ಹಾಸಿ ಸೌಟಲ್ಲಿ ಸಾಲಾಗಿ ಹಾಕೋದು, ಒಣಗಿದ ಮೇಲೆ ಪಂಚೆ ತಿರುಗಿಸಿ ಹಿಂದ್ಗಡೆಯಿಂದ ನೀರು ಚಿಮುಕಿಸಿದ್ರೆ ಒಂದೊಂದಾಗಿ ಬಿಟ್ಕೊಳ್ಳತ್ತೆ. ಕಾಗೆ ಬರ್ದೇ ಇರ್ಲಿ ಅಂತ ಕಪ್ಪು ಛತ್ರಿ ಬಿಚ್ಚಿಟ್ಟು ಪಕ್ಕದಲ್ಲಿ ನಮ್ಮನ್ನ ಕಾವಲಿಗೆ ಕೂರಿಸ್ತಿದ್ರು, ಮೇಲೆ ಒಣಗಿ ಒಳಗೆ ಮೆತ್ತಗಿರೋ ಅರೆಬರೆ ಸಂಡಿಗೆ ಕಾಗೆಗಿಂತ ಜಾಸ್ತಿ ತಿಂದಿದ್ದು ನಾವೇ.

ಬಾಳಕದ ಮೆಣಸಿನಕಾಯಿ ಕಥೆ ಇನ್ನೂ ಉದ್ದ. ಸೀಳಿ ರಾತ್ರಿ ಉಪ್ಪು ಮಜ್ಜಿಗೇಲಿ ಹಾಕೋದು, ಬೆಳಗ್ಗೆ ಬಿಸಿಲಿಗೆ, ಸಂಜೆ ವಾಪಸ್ ಅದೇ ಮಜ್ಜಿಗೆಗೆ, ಮಜ್ಜಿಗೆ ಪೂರ್ತಿ ಹೀರೋವರೆಗೆ ಹೀಗೇ ಮೇಲೆ ಕೆಳಗೆ ಓಡಾಟ. ಆಷಾಢದ ಜಿಟಿಜಿಟಿ ಮಳೇಲಿ ಮೊಸರನ್ನಕ್ಕೆ ಅದನ್ನ ಕರಿದು ನಂಚ್ಕೊಂಡಾಗ ಏಪ್ರಿಲ್ ಬಿಸಿಲು ಅಲ್ಲೇ ನಾಲಿಗೆ ಮೇಲೆ. ಮಳೆಗಾಲದಲ್ಲಿ ಜಠರಾಗ್ನಿ ಮಂದ, ಹಗುರಾಗಿ ತಿನ್ನಿ ಅಂತ ಆಯುರ್ವೇದದ ಋತುಚರ್ಯೆ ಹೇಳತ್ತೆ ಅಂತ ನೀವೂ ಬರ್ದಿದ್ರಿ. ಕರಿದಿದ್ದು ಹಗುರಾನಾ ಅಂತ ಕೇಳ್ಬೇಡಿ, ನಮ್ಮತ್ತೆ ಎಲೆಗೆ ಎರಡೇ ಎರಡು ಹಾಕ್ತಿದ್ರು, ಮೂರನೇದು ಕೇಳಿದ್ರೆ ಮುಖ ನೋಡ್ತಿದ್ರು.

ಬಿಸಿಲಿಗೇನೂ ಈಗ ಬರ ಇಲ್ಲ. 2016ರ ಏಪ್ರಿಲಲ್ಲಿ ಊರು 39.2 ಡಿಗ್ರಿ ಮುಟ್ಟಿತ್ತು. 2024ರ ಬೇಸಿಗೇಲಂತೂ ಬೆಳಗ್ಗೆ ಹಾಕಿದ್ದು ಸಂಜೆಗೆ ಗಲಗಲ ಅಂತಿತ್ತು, ಆದ್ರೆ ಆ ವರ್ಷ ಬೋರ್ ಬತ್ತಿ ಟ್ಯಾಂಕರ್ ನೀರಿಗೆ ಕಾಯ್ಕೊಂಡು ಕೂತಿದ್ದರಿಂದ ಪಾತ್ರೆ ತೊಳೆಯೋಕೆ ಹೆದರಿ ಒಂದೇ ಸಲ ಹಾಕಿ ಕೈ ಬಿಟ್ಟೆ.

ಸೆಕ್ರೆಟರಿ ಒಳ್ಳೆ ಹುಡುಗನೇ. ಆಂಟಿ, ಆನ್‌ಲೈನಲ್ಲಿ ಎಲ್ಲಾ ಸಿಗತ್ತೆ, ಯಾಕೆ ಕಷ್ಟ ಪಡ್ತೀರ ಅಂದ. ಸಿಗತ್ತಪ್ಪ, ಹಿತಕಿದ ಅವರೆಕಾಳೂ ವರ್ಷ ಪೂರ್ತಿ ಪ್ಯಾಕೆಟಲ್ಲಿ ಸಿಗತ್ತೆ, ಸೊಗಡು ಎಲ್ಲಿ? ಅವನ ಕಡೆ ನ್ಯಾಯ ಇಲ್ಲ ಅಂತಲ್ಲ, ಹೋದ ವರ್ಷ ಯಾರೋ ಬಿಸಿಲಿಗಿಟ್ಟ ಉಪ್ಪಿನಕಾಯಿ ಜಾಡಿ ಉರುಳಿ ಎಣ್ಣೆ ಮೇಲೆ ಪ್ಲಂಬರ್ ಜಾರಿ ಬಿದ್ದಿದ್ದು ನಿಜ. ಆದ್ರೆ ಅದೇ ಟೆರೇಸ್ ಮೇಲೆ ಸಾಲಾಗಿ ಸೋಲಾರ್ ಹೀಟರ್ ಇವೆ, ಡಿಶ್ ಆಂಟೆನಾ ಇವೆ, ಏಸಿ ಡಬ್ಬಗಳು ಬಿಸಿ ಗಾಳಿ ಉಗುಳ್ತಾ ಕೂತಿವೆ. ಸ್ನಾನದ ನೀರಿಗೆ ಆಗೋ ಬಿಸಿಲು ಸಬ್ಬಕ್ಕಿಗೆ ಯಾಕೆ ಆಗ್ಬಾರ್ದು? ನಮ್ಮ ಬಾಲ್ಕನಿಗೆ ದಿನಕ್ಕೆ ಒಂದೂವರೆ ಗಂಟೆ ಬಿಸಿಲು, ಅದೂ ಗ್ರಿಲ್ ನೆರಳಿನ ಪಟ್ಟಿ ಪಟ್ಟಿ. ಪುರವಣೀಲಿ ಏನು ತಿನ್ಬೇಕು ಅಂತ ಬರೀತೀರ, ಅದನ್ನ ಎಲ್ಲಿ ಒಣಗಿಸ್ಬೇಕು ಅಂತಾನೂ ಒಂದ್ಸಲ ಬರೀರಿ. ಮೊದಲು ಮನೆ ಕಟ್ಟುವಾಗ ಇದನ್ನೆಲ್ಲಾ ಲೆಕ್ಕ ಹಾಕ್ತಿದ್ರು, ಈಗ ಕಾರ್ ಪಾರ್ಕಿಂಗ್ ಒಂದನ್ನೇ.

ನಾನು ಕೇಳ್ತಿರೋದು ಇಷ್ಟೇ, ಮಾರ್ಚ್ ಏಪ್ರಿಲ್ ಎರಡು ತಿಂಗಳು, ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕು, ನೀರಿನ ಟ್ಯಾಂಕ್ ಪಕ್ಕದ ಜಾಗ, ಗುಡಿಸಿ ಒರೆಸಿ ಕೊಡೋದು ನಮ್ಮ ಜವಾಬ್ದಾರಿ. ಬೇರೆ ಅಪಾರ್ಟ್‌ಮೆಂಟಿನವರೂ ತಮ್ಮ ತಮ್ಮ ಅಸೋಸಿಯೇಷನ್ ಹತ್ರ ಕೇಳಿ.

ಎರಡು ಕೆಜಿ ಸಬ್ಬಕ್ಕಿ ತಂದಿಟ್ಟಾಗಿದೆ. ಮೀಟಿಂಗ್ ಇರೋದು ಮುಂದಿನ ತಿಂಗಳ ಎರಡನೇ ಭಾನುವಾರ, ಅಷ್ಟರೊಳಗೆ ಈ ಪತ್ರ ಹಾಕಿದ್ರೆ ಕತ್ತರಿಸಿ ಲಿಫ್ಟಲ್ಲಿ ಆ ನೋಟಿಸ್ ಪಕ್ಕದಲ್ಲೇ ಅಂಟಿಸ್ತೀನಿ.

ಇಂತಿ,
ನಿಮ್ಮ ಹಳೇ ಓದುಗಳು
ಬನಶಂಕರಿ, ಬೆಂಗಳೂರು